ಎಣ್ಣೆ, ಬಿಸಿ ಮತ್ತು ಜಾವಾ: ಯಾದವಗಿರಿಗೆ ಹೆಸರು ತಂದ ಯಾನೆಚೆಕ್

ಒಂಟಿಕೊಪ್ಪಲ್ ಎಂದೊಡನೆ ನಾಡಿನ ಬಹುತೇಕರಿಗೆ ನೆನಪಾಗುವುದು ಪಂಚಾಂಗ. ಮೈಸೂರಿನ ಹಿರಿಯರಿಗೆ ಇದರ ಜತೆಗೆ ಇನ್ನೊಂದು ನೆನಪೂ ಉಂಟು. ಒಂಟಿಕೊಪ್ಪಲಿಗೆ ಹೊಂದಿಕೊಂಡಂತಿರುವ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಅಲ್ಲಿಂದ ಹೊರಬಂದ ಮೋಟಾರ್ ಸೈಕಲ್‌ಗಳು ದೇಶದ ಮೂಲೆಮೂಲೆಗೂ ಮೈಸೂರಿನ ಹೆಸರನ್ನು ಹೊತ್ತು ಸಾಗಿದವು.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಯಾವ ನಂಟೂ ಇಲ್ಲ. ಅದರ ಮೊದಲ ಅಕ್ಷರದಲ್ಲಿ ಅಡಗಿರುವುದು ಮೈಸೂರನ್ನು ಎಂದೂ ಕಾಣದ, ಇಲ್ಲಿ ಕಾರ್ಖಾನೆ ಆರಂಭವಾಗುವ ಇಪ್ಪತ್ತು ವರ್ಷ ಮೊದಲೇ ತೀರಿಕೊಂಡ ಒಬ್ಬ ಚೆಕ್ ಎಂಜಿನಿಯರ್‌ನ ಹೆಸರು. ಅವರೇ ಫ್ರಾಂಟಿಷೆಕ್ ಯಾನೆಚೆಕ್. ಚೆಕ್ ಭಾಷೆಯಲ್ಲಿ ‘ಜ’ ಎಂದು ನಾವು ಓದುವ ರೋಮನ್ ಅಕ್ಷರದ ಉಚ್ಚಾರ ‘ಯ’. ಹಾಗಾಗಿ ತವರಿನಲ್ಲಿ ಆ ವಾಹನ ‘ಯಾವಾ’. ಮೈಸೂರಿಗೆ ಬಂದು ಅದು ಜಾವಾ ಆಯಿತು.

ಯಾನೆಚೆಕ್ ಎಂಜಿನ್ ಕಂಡುಹಿಡಿದವರಲ್ಲ. ತಮ್ಮ ಮೊದಲ ಮೋಟಾರ್ ಸೈಕಲ್‌ಗೆ ಜರ್ಮನಿಯ ವಿನ್ಯಾಸವನ್ನೂ, ಎರಡನೆಯದಕ್ಕೆ ಇಂಗ್ಲೆಂಡಿನ ಎಂಜಿನನ್ನೂ ತಂದವರು. ಆದರೆ ಸಾಮಾನ್ಯ ಸಂಬಳದ ಮನುಷ್ಯ ಕೊಳ್ಳಬಹುದಾದ, ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಹುದಾದ ಎಂಜಿನ್ ಯಾವುದು ಎಂಬುದನ್ನು ಅವರು ಸೋತು ಕಲಿತರು. ಆ ಪಾಠವೇ ಜಾವಾದ ಯಶಸ್ಸಿಗೆ ಕಾರಣವಾಯಿತು. ಮುಂದೊಂದು ದಿನ ಅದರ ಮಿತಿಯೂ ಆಯಿತು.

ಶಸ್ತ್ರಾಸ್ತ್ರದಿಂದ ಸವಾರಿಗೆ

ಯಾನೆಚೆಕ್ ಜನಿಸಿದ್ದು 1878ರ ಜನವರಿ 23ರಂದು, ಪೂರ್ವ ಬೊಹೀಮಿಯಾದ ಒಂದು ಚಿಕ್ಕ ಹಳ್ಳಿಯಲ್ಲಿ. ಆಗ ಆ ಪ್ರದೇಶ ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಪ್ರಾಗ್ ಮತ್ತು ಬರ್ಲಿನ್‌ಗಳಲ್ಲಿ ತಾಂತ್ರಿಕ ಶಿಕ್ಷಣ ಪಡೆದ ಅವರು ಕೆಲಕಾಲ ವಿದ್ಯುತ್ ಯಂತ್ರಗಳ ಕ್ಷೇತ್ರದಲ್ಲಿ ದುಡಿದರು. ಮೊದಲ ಮಹಾಯುದ್ಧ ಅವರನ್ನು ಸೈನ್ಯಕ್ಕೆ ಎಳೆದುಕೊಂಡಿತು. ಅಲ್ಲಿ ಕೈಬಾಂಬಿನ ವಿನ್ಯಾಸದತ್ತ ಅವರ ಗಮನ ಹರಿಯಿತು.

1918ರಲ್ಲಿ ಚೆಕೊಸ್ಲೊವಾಕಿಯಾ ಸ್ವತಂತ್ರ ರಾಷ್ಟ್ರವಾಯಿತು. ಹೊಸ ದೇಶಕ್ಕೆ ಹೊಸ ಸೈನ್ಯ, ಸೈನ್ಯಕ್ಕೆ ಆಯುಧ ಬೇಕಿತ್ತು. 1922ರಲ್ಲಿ ಯಾನೆಚೆಕ್ ಪ್ರಾಗ್ ನಗರದ ನುಸ್ಲೆ ಬಡಾವಣೆಯಲ್ಲಿ ತಮ್ಮದೇ ಶಸ್ತ್ರಾಸ್ತ್ರ ಕಾರ್ಖಾನೆ ತೆರೆದರು. ಕೈಬಾಂಬುಗಳ ತಯಾರಿಕೆ ಅವರಿಗೆ ಹಣ, ಹೆಸರು ಎರಡನ್ನೂ ತಂದಿತು.

ಆದರೆ ಶಾಂತಿಯ ಕಾಲದಲ್ಲಿ ಶಸ್ತ್ರಾಸ್ತ್ರದ ಬೇಡಿಕೆ ಒಂದೇ ಸಮನೆ ಇರುವುದಿಲ್ಲ. 1920ರ ದಶಕದ ಕೊನೆಯ ವೇಳೆಗೆ ಸೈನ್ಯದ ಬೇಡಿಕೆ ಕುಗ್ಗಿತು. ಯಂತ್ರಗಳಿದ್ದವು, ನುರಿತ ಕಾರ್ಮಿಕರಿದ್ದರು, ಕೆಲಸವಿರಲಿಲ್ಲ. ಇವರ ಕೈಗೆ ಏನು ಕೊಡುವುದು ಎಂಬ ಪ್ರಶ್ನೆಗೆ ಯಾನೆಚೆಕ್ ಕಂಡುಕೊಂಡ ಉತ್ತರವೇ ಮೋಟಾರ್ ಸೈಕಲ್.

ದುಬಾರಿಯಾದ ಮೊದಲ ಹೆಜ್ಜೆ

ಅದೇ ಸಮಯದಲ್ಲಿ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್ ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುತ್ತಿತ್ತು. ಅದರ 500 ಸಿ.ಸಿ. ವಾಹನದ ಹಕ್ಕನ್ನು ಯಾನೆಚೆಕ್ ಖರೀದಿಸಿದರು. ಯಾನೆಚೆಕ್ ಹೆಸರಿನ ಮೊದಲ ಎರಡು ರೋಮನ್ ಅಕ್ಷರ ಮತ್ತು ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಸೇರಿ 1929ರಲ್ಲಿ ಜಾವಾ ಹುಟ್ಟಿತು.

ಆ ಮೊದಲ ಜಾವಾ ಅಂದಿಗೆ ಬಹಳ ಮುಂದುವರಿದ ಯಂತ್ರವೇ ಸರಿ. ಫೋರ್ ಸ್ಟ್ರೋಕ್ ಎಂಜಿನ್, 18 ಅಶ್ವಶಕ್ತಿ, ಒತ್ತಿ ರೂಪಿಸಿದ ಉಕ್ಕಿನ ಚೌಕಟ್ಟು, ಹಿಂದಿನ ಚಕ್ರ ತಿರುಗಿಸಲು ಚೈನಿನ ಬದಲು ಶಾಫ್ಟ್. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು. ಜತೆಗೆ ವಿನ್ಯಾಸದಲ್ಲಿ ಹಲವು ದೋಷಗಳಿದ್ದವು. ಅವನ್ನು ಒಂದೊಂದಾಗಿ ಸರಿಪಡಿಸುವುದರಲ್ಲೇ ಹಣ ಕರಗಿತು. ಇದೇ ಹೊತ್ತಿಗೆ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿನ ಆರ್ಥಿಕತೆಯೇ ಮುಗ್ಗರಿಸಿತು. ಕೆಲಸ ಕಳೆದುಕೊಂಡ ಜನ ದುಬಾರಿ ಮೋಟಾರ್ ಸೈಕಲ್ ಕೊಳ್ಳುವುದೆಂತು? ಒಟ್ಟು ತಯಾರಾದ ವಾಹನಗಳ ಸಂಖ್ಯೆ ಒಂದು ಸಾವಿರದ ಆಸುಪಾಸಿನಲ್ಲೇ ನಿಂತಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರೇನೋ. ಯಾನೆಚೆಕ್ ಅದೇ ವಾಹನವನ್ನು ಹಟಕ್ಕೆ ಬಿದ್ದು ಮಾರಲೂ ಇಲ್ಲ, ವ್ಯವಹಾರ ಮುಚ್ಚಲೂ ಇಲ್ಲ. 1930ರಲ್ಲಿ ಅವರು ಇಂಗ್ಲೆಂಡಿನ ಜಾರ್ಜ್ ವಿಲಿಯಂ ಪ್ಯಾಚೆಟ್ ಅವರನ್ನು ಕರೆತಂದರು. ಪ್ಯಾಚೆಟ್ ರೇಸ್ ಸವಾರರೂ ಹೌದು, ವಿನ್ಯಾಸಕಾರರೂ ಹೌದು. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ ಟೂ ಸ್ಟ್ರೋಕ್ ಎಂಜಿನ್ ಅಳವಡಿಸಿದ 175 ಸಿ.ಸಿ. ಜಾವಾ ಮಾರುಕಟ್ಟೆಗೆ ಬಂದಿತು. ಹಗುರ, ಸರಳ, ಅಗ್ಗ. ಮುಂದಿನ ವರ್ಷಗಳಲ್ಲಿ ಈ ಮಾದರಿಯ 27 ಸಾವಿರಕ್ಕೂ ಹೆಚ್ಚು ವಾಹನಗಳು ತಯಾರಾದವು. ಮುಳುಗಲಿದ್ದ ಕಾರ್ಖಾನೆ ದಡ ಸೇರಿತು.

ಎಣ್ಣೆ ಮಾಡುವ ಕೆಲಸ

ಈ ಬದಲಾವಣೆಯ ಮಹತ್ವ ತಿಳಿಯಬೇಕಾದರೆ ಎಂಜಿನಿನೊಳಗೆ ಎಣ್ಣೆ ಮಾಡುವ ಕೆಲಸವನ್ನು ತುಸು ಗಮನಿಸಬೇಕು.

ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಆಯಿಲ್ ಬೇರೆಯಾಗಿಯೇ ಇರುತ್ತದೆ. ಪಂಪ್ ಅದನ್ನು ಬೇರಿಂಗ್‌ಗಳಿಗೂ ಇತರ ಭಾಗಗಳಿಗೂ ತಳ್ಳುತ್ತದೆ. ಆಯಿಲ್ ಸವೆತ ತಡೆಯುವುದಷ್ಟೇ ಅಲ್ಲ, ಬಿಸಿಯನ್ನೂ ಹೊತ್ತು ತರುತ್ತದೆ. ಇಂದಿನ ಟರ್ಬೊ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಹೊರೆ ಇನ್ನೂ ಹೆಚ್ಚು. ಹೊಗೆಯ ಒತ್ತಡದಿಂದಲೇ ತಿರುಗುವ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. ಅದರ ಬೇರಿಂಗ್ ಉಳಿಯುವುದು ತೆಳುವಾದ ಎಣ್ಣೆಯ ಪದರದ ಮೇಲೆ. ಆಯಿಲ್ ಮಿತಿಮೀರಿ ಕಾದರೆ ನೀರಾಗುತ್ತದೆ, ಪದರ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಆದ್ದರಿಂದಲೇ ಅಂಥ ಕಾರುಗಳ ಮುಂಭಾಗದಲ್ಲಿ ಆಯಿಲ್ ಕೂಲರ್ ಎಂಬ ಪುಟ್ಟ ರೇಡಿಯೇಟರ್ ಅಳವಡಿಸುತ್ತಾರೆ. ಬಿಸಿ ಎಣ್ಣೆ ಅದರ ಕೊಳವೆಗಳಲ್ಲಿ ಹರಿದು, ಗಾಳಿಗೆ ತಣಿದು ಮರಳುತ್ತದೆ. ಬೆಳಗಿನ ಚಳಿಯಲ್ಲಿ ಆಯಿಲ್ ಅತಿಯಾಗಿ ತಣಿಯದಂತೆ ಥರ್ಮೋಸ್ಟಾಟ್ ಕೂಡ ಬೇಕಾಗುತ್ತದೆ.

ಯಾನೆಚೆಕ್ ಆಯ್ದುಕೊಂಡ ಟೂ ಸ್ಟ್ರೋಕ್ ಎಂಜಿನಿಗೆ ಈ ಯಾವ ರಗಳೆಯೂ ಇರಲಿಲ್ಲ. ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಟ್ಯಾಂಕಿಗೆ ಸುರಿದರಾಯಿತು. ಅದು ಪೆಟ್ರೋಲಿನೊಂದಿಗೆ ಒಳಹೋಗಿ, ತಿರುಗುವ ಭಾಗಗಳನ್ನು ನೆನೆಸಿ, ಕೊನೆಗೆ ಉರಿದು ಹೋಗುತ್ತದೆ. ಪಂಪ್ ಇಲ್ಲ, ವಾಲ್ವ್ ಇಲ್ಲ, ತಣಿಸಬೇಕಾದ ಎಣ್ಣೆಯೂ ಇಲ್ಲ. ಬಿಸಿಯನ್ನು ಹೊರಹಾಕುವ ಕೆಲಸ ಸಿಲಿಂಡರಿನ ಸುತ್ತಲಿನ ಲೋಹದ ಪಟ್ಟಿಗಳದು. ಕೂಲರ್ ಆಗಲಿ, ಈ ಪಟ್ಟಿಗಳಾಗಲಿ, ತತ್ತ್ವ ಒಂದೇ: ಗಾಳಿಗೆ ಹೆಚ್ಚು ಮೈ ಒಡ್ಡುವುದು.

ಆದರೂ ಬಿಸಿಯ ಕಾಟ ಪೂರ್ಣ ತಪ್ಪಿರಲಿಲ್ಲ. ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಒಳಬರುವ ಅನಿಲವನ್ನು ಮೇಲಕ್ಕೆ ತಿರುಗಿಸಲು ಪಿಸ್ಟನ್ನಿನ ತಲೆಯ ಮೇಲೆ ಒಂದು ಉಬ್ಬು ಇರುತ್ತಿತ್ತು. ಅದು ವಿಪರೀತ ಕಾಯುತ್ತಿತ್ತು. ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ ಅನಿಲದ ದಾರಿಗಳ ಕೋನವನ್ನೇ ಬದಲಿಸಿ, ಸಮತಟ್ಟು ತಲೆಯ ಪಿಸ್ಟನ್ ಸಾಕಾಗುವಂತೆ ಮಾಡಿದ್ದರು. ಆ ತಂತ್ರವನ್ನು ಬಳಸುತ್ತಿದ್ದ ಜರ್ಮನಿಯ ಡಿ.ಕೆ.ಡಬ್ಲ್ಯು. ಕಂಪನಿಯಿಂದ ಯಾನೆಚೆಕ್ ಪರವಾನಗಿ ಪಡೆದರು. 1930ರ ದಶಕದ ಮಧ್ಯದಲ್ಲಿ ಬಂದ 250 ಸಿ.ಸಿ. ಜಾವಾ ಅದರ ಫಲ. ಮುಂದೆ ಮೈಸೂರಿನ ಜನ ಕಂಡ ಜಾವಾದ ಪೂರ್ವಜ ಇದೇ.

ಕಾರಿನ ಕನಸು, ಆಕ್ರಮಣದ ದಿನಗಳು

ಮೋಟಾರ್ ಸೈಕಲ್ ನೆಲೆಗೊಂಡ ಬಳಿಕ ಯಾನೆಚೆಕ್ ಕಾರಿನ ಕಡೆಗೂ ಹೊರಳಿದರು. 1934ರಲ್ಲಿ ಡಿ.ಕೆ.ಡಬ್ಲ್ಯು. ಪರವಾನಗಿಯ ಜಾವಾ 700 ಕಾರು ಬಂದಿತು. ಇದಕ್ಕೂ ಟೂ ಸ್ಟ್ರೋಕ್ ಎಂಜಿನ್. ಪ್ರಾಗ್, ಬ್ರನೊ, ಬ್ರಾಟಿಸ್ಲಾವಾ ನಗರಗಳ ನಡುವೆ ನಡೆಯುತ್ತಿದ್ದ ಸಾವಿರ ಮೈಲಿಗಳ ಸ್ಪರ್ಧೆಗೆ 1935ರಲ್ಲಿ ಗಾಳಿ ಸೀಳುವ ಮೈಕಟ್ಟಿನ ಜಾವಾ 750 ಕಾರುಗಳನ್ನು ವಿಶೇಷವಾಗಿ ಸಿದ್ಧಪಡಿಸಲಾಯಿತು. 1937ರಲ್ಲಿ ಕಂಪನಿಯ ಸ್ವಂತ ವಿನ್ಯಾಸದ, 615 ಸಿ.ಸಿ. ಎಂಜಿನಿನ ಜಾವಾ ಮೈನರ್ ಹೊರಬಂದಿತು. ಪ್ರಾಗ್‌ನ ಹೊರಗೆ ಟಿನೆಟ್ಸ್ ಎಂಬಲ್ಲಿಯೂ ಕಾರ್ಖಾನೆ ಬೆಳೆಯಿತು.

ಆದರೆ 1939ರ ಮಾರ್ಚ್ 15ರಂದು ಹಿಟ್ಲರನ ಸೇನೆ ಪ್ರಾಗ್ ಪ್ರವೇಶಿಸಿತು. ಕಾರ್ಖಾನೆ ಜರ್ಮನ್ನರ ಹತೋಟಿಗೆ ಹೋಯಿತು. ನಾಗರಿಕರ ವಾಹನ ತಯಾರಿಕೆ ನಿಂತು, ಯುದ್ಧಕ್ಕೆ ಬೇಕಾದ ಕೆಲಸಗಳು ಆರಂಭವಾದವು. ಮಗ ಇಂಗ್ಲೆಂಡಿಗೆ ತೆರಳಿದರು. ಫಿರಂಗಿಯ ಗುಂಡಿನ ವೇಗ ಹೆಚ್ಚಿಸಲು ಕೊಳವೆಯ ಬಾಯಿಗೆ ಜೋಡಿಸುವ ಸಾಧನವೊಂದು ಅವರ ಮೂಲಕ ಬ್ರಿಟಿಷ್ ಸೈನ್ಯಕ್ಕೆ ದೊರೆಯಿತು. ಅದಕ್ಕೆ ಇಟ್ಟ ಹೆಸರು ‘ಲಿಟ್ಲ್‌ಜಾನ್’. ಯಾನೆಚೆಕ್ ಎಂಬ ಮನೆತನದ ಹೆಸರಿನ ಇಂಗ್ಲಿಷ್ ರೂಪವದು.

ಇತ್ತ ಆಕ್ರಮಿತ ಪ್ರಾಗ್‌ನಲ್ಲಿ ಜಾವಾದ ಎಂಜಿನಿಯರುಗಳು ಯುದ್ಧಾನಂತರದ ದಿನಕ್ಕಾಗಿ ಹೊಸ 250 ಸಿ.ಸಿ. ಮೋಟಾರ್ ಸೈಕಲ್ ಒಂದನ್ನು ಗುಟ್ಟಾಗಿ ರೂಪಿಸತೊಡಗಿದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. ಆ ಕಾರಣ ಮಾದರಿಗಳ ಮೇಲೆ ಡಿ.ಕೆ.ಡಬ್ಲ್ಯು. ಚಿಹ್ನೆ ಅಂಟಿಸಿ ರಸ್ತೆಯಲ್ಲಿ ಪರೀಕ್ಷಿಸಲಾಯಿತು. ಅದು ಸಿದ್ಧಗೊಂಡು ಜನರ ಕೈ ಸೇರುವುದನ್ನು ನೋಡುವ ಭಾಗ್ಯ ಯಾನೆಚೆಕ್ ಅವರಿಗಿರಲಿಲ್ಲ. 1941ರ ಜೂನ್ 4ರಂದು, ತಮ್ಮ 63ನೇ ವಯಸ್ಸಿನಲ್ಲಿ ಅವರು ನಿಧನರಾದರು. ದೇಶ ಇನ್ನೂ ಪರಾಧೀನವಾಗಿಯೇ ಇತ್ತು.

ಯುದ್ಧ ಮುಗಿದ ಮೇಲೆ, 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ವಾಹನ ಎಲ್ಲರ ಕಣ್ಣು ಸೆಳೆಯಿತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದುದರಿಂದ ಅದನ್ನು ಚೆಕ್ ಜನ ಪ್ರೀತಿಯಿಂದ ‘ಪೆರಾಕ್’ ಎಂದು ಕರೆದರು. ಅಷ್ಟರಲ್ಲಿ ಕಾರ್ಖಾನೆ ಯಾನೆಚೆಕ್ ಕುಟುಂಬದ ಕೈತಪ್ಪಿ ಸರ್ಕಾರದ ಸ್ವತ್ತಾಗಿತ್ತು. ಉಳಿದದ್ದು ಹೆಸರು ಮಾತ್ರ.

ಮೈಸೂರಿಗೆ ಬಂದ ಹೆಸರು

ಆ ಹೆಸರೇ ಸಮುದ್ರ ದಾಟಿ ಭಾರತಕ್ಕೆ ಬಂದಿತು. ಪಾರ್ಸಿ ಉದ್ಯಮಿಗಳಾದ ರುಸ್ತುಂ ಮತ್ತು ಫರೋಖ್ ಇರಾನಿ ಚೆಕ್ ಕಂಪನಿಯ ಸಹಯೋಗದಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಜ್ಯಪಾಲ ಜಯಚಾಮರಾಜೇಂದ್ರ ಒಡೆಯರ್. ಅಲ್ಲಿ ತಯಾರಾದ 250 ಸಿ.ಸಿ. ಜಾವಾದಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಬದಲಿಸುವ ಲಿವರೂ ಆಗಿತ್ತು. 1973ರಿಂದ ವಾಹನದ ಹೆಸರು ಯೆಜ್ಡಿ ಎಂದಾಯಿತು. ಜನರ ಬಾಯಲ್ಲಿ ಮಾತ್ರ ಜಾವಾ ಅಳಿಯಲಿಲ್ಲ.

ಯಾನೆಚೆಕ್ 1932ರಲ್ಲಿ ಆಯ್ದುಕೊಂಡ ಸರಳತೆ ಇಲ್ಲಿಯೂ ಫಲ ಕೊಟ್ಟಿತು. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಬೆರೆಸಿಕೊಂಡು ಹೊರಟರೆ ಘಟ್ಟದ ದಾರಿಗೂ ಕೊಡಗಿನ ತೋಟದ ರಸ್ತೆಗೂ ಅದು ಸೈ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಾದು ಎಂಜಿನ್ ಸೀಜ್ ಆಗುವ ಭಯವಿತ್ತು. ಆದರೆ ಅದನ್ನು ಬಿಚ್ಚಿ ಸರಿಮಾಡುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇದ್ದ.

ಅದೇ ಸರಳತೆ ಕೊನೆಗೆ ತೊಡಕೂ ಆಯಿತು. ಉರಿದ ಎಣ್ಣೆ ನೀಲಿ ಹೊಗೆಯಾಗಿ ಹೊರಬರುತ್ತದೆ. ಪೆಟ್ರೋಲಿನ ಒಂದಂಶವೂ ಉರಿಯದೆ ಹೊರಹೋಗುತ್ತದೆ. 1985ರಲ್ಲಿ ಹೀರೊ ಹೋಂಡಾ 100 ಸಿ.ಸಿ. ಫೋರ್ ಸ್ಟ್ರೋಕ್ ಬೈಕ್ ಬಂದಾಗ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ವಾಹನದ ರುಚಿ ಜನರಿಗೆ ಹತ್ತಿತು. 1990ರ ದಶಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳು ಅತಂತ್ರವಾದವು. ಮೈಸೂರಿನ ಕೈಗಾರಿಕಾ ಇತಿಹಾಸದ ಒಂದು ಅಧ್ಯಾಯವೇ ಮುಗಿಯಿತು.

2018ರ ನವೆಂಬರ್‌ನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಭಾರತದಲ್ಲಿ ಮತ್ತೆ ರಸ್ತೆಗಿಳಿಸಿತು. ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್. ಎಣ್ಣೆ ಈಗ ಪೆಟ್ರೋಲಿನೊಂದಿಗೆ ಉರಿಯುವುದಿಲ್ಲ, ಸಿಲಿಂಡರನ್ನು ತಣಿಸಲು ಮುಂಭಾಗದಲ್ಲಿ ರೇಡಿಯೇಟರ್ ಇದೆ. ಹಳೆಯ ಜಾವಾ, ಯೆಜ್ಡಿಗಳನ್ನು ಜೋಪಾನ ಮಾಡಿದವರು ಜುಲೈ ತಿಂಗಳ ಎರಡನೇ ಭಾನುವಾರವನ್ನು ತಮ್ಮ ಹಬ್ಬವಾಗಿ ಆಚರಿಸುತ್ತಾರೆ.

ಸಂಕಷ್ಟದ ಕಾಲದಲ್ಲಿ ಕಾರ್ಮಿಕರ ಕೈಗೆ ಕೆಲಸ ಹುಡುಕಹೊರಟ ಉದ್ಯಮಿಯೊಬ್ಬರು ತಮ್ಮ ಮೊದಲ ಆಯ್ಕೆ ತಪ್ಪೆಂದು ಮೂರೇ ವರ್ಷಗಳಲ್ಲಿ ಒಪ್ಪಿಕೊಂಡು ದಾರಿ ಬದಲಿಸಿದರು. ಆ ನಿರ್ಧಾರ ಪ್ರಾಗ್‌ನ ಕಾರ್ಖಾನೆಯನ್ನು ಉಳಿಸಿತು. ಮೂರು ದಶಕಗಳ ಬಳಿಕ ಮೈಸೂರಿನಲ್ಲಿ ಒಂದು ತಲೆಮಾರಿಗೆ ಅನ್ನ ಕೊಟ್ಟಿತು. ಕಾಲ ಬದಲಾದಾಗ ಅಂಥದೇ ಇನ್ನೊಂದು ನಿರ್ಧಾರ ಯಾದವಗಿರಿಯಲ್ಲಿ ಸಕಾಲಕ್ಕೆ ಆಗಲಿಲ್ಲ ಎಂಬುದಷ್ಟೇ ಮೈಸೂರಿಗರ ಕೊರಗು.