ಮನೆ ಮಾರಿ ಅಕ್ಷರ ತಂದವರು

ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರ ಹೆಸರು ಕೇಳದವರು ಕಡಿಮೆ. ಆದರೆ ‘ಫ’ ಎಂದರೆ ಫಕೀರಪ್ಪ ಎಂಬುದು ಎಷ್ಟೋ ಗೆಳೆಯರಿಗೆ ಗೊತ್ತಿಲ್ಲ. ಉರ್ದು ಮಾತಾಡುವ ಮನೆಯವನಾದ ನನಗೆ ಫಕೀರ ಎಂಬ ಪದ ನಮ್ಮದೇ ಅನಿಸಿತು. ಅವರ ಬಗ್ಗೆ ಓದುವ ಆಸೆ ಹುಟ್ಟಿದ್ದು ಆ ಹೆಸರಿನಿಂದ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಮುಂಬೈಯಲ್ಲಿ ಕಾನೂನು ಓದಿ ಬಂದು ನಮ್ಮ ಊರಲ್ಲಿ ವಕೀಲಿ ಮಾಡಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಅಂದರೆ ಹಣದ ಲೆಕ್ಕ ತಿಳಿಯದವರಲ್ಲ.

ಆಗ ಶರಣರ ವಚನಗಳು ಹೆಚ್ಚಾಗಿ ಮನೆ, ಮಠಗಳ ತಾಳೆಗರಿಯ ಕಟ್ಟುಗಳಲ್ಲಿದ್ದವು. ಅವುಗಳನ್ನು ಹುಡುಕಿ, ಓದಿ, ಒಂದಕ್ಕೊಂದು ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಅದು ಅಚ್ಚಾದದ್ದು ಬೆಳಗಾವಿಯಲ್ಲಿ. ಪ್ರತಿ ಪುಸ್ತಕಕ್ಕೂ ಬೇರೆ ಊರಿನ ಮುದ್ರಣಾಲಯವನ್ನು ಕಾಯುವುದು ಆಗದ ಮಾತು. ಇದ್ದ ಮನೆಯನ್ನು ಮಾರಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆ ಶುರುವಾದವು.

ಮುದ್ರಣಾಲಯಕ್ಕೆ ಅಷ್ಟು ಹಣ ಯಾಕೆ ಬೇಕು? ಆಗ ಅಕ್ಷರವೆಂದರೆ ಸೀಸದ ಮೊಳೆ. ಕನ್ನಡಕ್ಕೆ ಕಾಗುಣಿತವಿದೆ, ಒತ್ತಕ್ಷರವಿದೆ. ಹೀಗಾಗಿ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮೊಳೆ ಬೇಕು. ಒಂದೊಂದನ್ನೂ ಕೈಯಿಂದ ಜೋಡಿಸಬೇಕು. ತಲೆಬರಹಕ್ಕೆ ದಪ್ಪ ಅಕ್ಷರ ಬೇಕೆಂದರೆ ಅದರ ಮೊಳೆಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಇವತ್ತು ನಾವು ಒಂದು ಗುಂಡಿ ಒತ್ತಿ ‘ಬೋಲ್ಡ್’ ಮಾಡುತ್ತೇವೆ.

ದಪ್ಪ ಅಕ್ಷರದ ಕೆಲಸ ದೂರದಿಂದ ಕರೆಯುವುದು. ತಿಕೋಟಾ, ಬಬಲೇಶ್ವರದಿಂದ ಬರುವ ನಮ್ಮ ಗೆಳೆಯರು ಬಸ್ಸಿನ ಬೋರ್ಡಿನಲ್ಲಿ ಓದುವುದು ಅದನ್ನೇ. ಇಂಗ್ಲಿಷಿನ ಕೆಲವು ಅಕ್ಷರಗಳಿಗೆ ಗೆರೆಯ ತುದಿಯಲ್ಲಿ ಸಣ್ಣ ಪಾದ ಇರುತ್ತದೆ. ಕನ್ನಡಕ್ಕೆ ಮೇಲೆ ತಲೆಕಟ್ಟು. ಆದರೆ ಕನ್ನಡದ ಅಕ್ಷರ ದುಂಡಗಿನದು. ಗೆರೆ ಅತಿ ದಪ್ಪವಾದರೆ ಒಳಗಿನ ಜಾಗ ಮುಚ್ಚಿ ‘ರ’ ಯಾವುದು, ‘ಠ’ ಯಾವುದು ತಿಳಿಯದು. ಆದ್ದರಿಂದ ದಪ್ಪ ಅಕ್ಷರ ಶೀರ್ಷಿಕೆಗೆ, ಹೆಸರಿಗೆ ಚೆಂದ. ಪುಟ ತುಂಬ ಓದಲು ತೆಳು ಅಕ್ಷರವೇ ಹಿತ.

ನಾವು ಕಲಿಯುವ ಲೆಕ್ಕಶಾಸ್ತ್ರದಲ್ಲಿ ಮನೆಯೂ ಆಸ್ತಿ, ಯಂತ್ರವೂ ಆಸ್ತಿ. ಸೀಸದ ಮೊಳೆ ಅಚ್ಚಾದಷ್ಟೂ ಸವೆಯುತ್ತದೆ. ಅದಕ್ಕೆ ಸವಕಳಿ ಬರೆಯಬೇಕು. ಆ ಲೆಕ್ಕದಲ್ಲಿ ಹಳಕಟ್ಟಿಯವರದು ನಷ್ಟದ ವ್ಯವಹಾರ. ಅವರು ಕಟ್ಟಿದ ಬ್ಯಾಂಕು ಬೆಳೆಯಿತು, ಸಂಸ್ಥೆ ಬೆಳೆಯಿತು. ಅವರು ಮಾತ್ರ ಬಡತನದಲ್ಲೇ ಉಳಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ತೀರಿಕೊಂಡರು.

ಆದರೆ ಅವರು ಅಚ್ಚು ಹಾಕಿದ ವಚನಗಳನ್ನು ಇಂದು ಯಾವ ಜಾತಿ, ಯಾವ ಧರ್ಮದ ಹುಡುಗನಾದರೂ ಕನ್ನಡ ಪಠ್ಯದಲ್ಲಿ ಓದುತ್ತಾನೆ. ನಾನೂ ಓದಿದ್ದೇನೆ. ಈ ಲಾಭವನ್ನು ಬರೆಯಲು ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.