ಬೆಂಗಳೂರಿನ ನೆಲದಿಂದ ಭೂಮಿಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್

ಗಣಿತ ತರಗತಿಯಲ್ಲಿ ತ್ರಿಕೋನಮಿತಿಯನ್ನು ಆರಂಭಿಸಿದಾಗ ಇದರಿಂದ ಏನು ಉಪಯೋಗ ಎಂದು ಮಕ್ಕಳು ಕೇಳುವುದು ಸಹಜ. ಮರದ ಎತ್ತರ, ಗೋಪುರದ ಎತ್ತರ ಎಂಬ ಎರಡು ಉದಾಹರಣೆಗಳಲ್ಲಿ ನಮ್ಮ ಉತ್ತರ ಮುಗಿದುಹೋಗುತ್ತದೆ. ಆದರೆ ಇದಕ್ಕಿಂತ ದೊಡ್ಡ ಉತ್ತರವೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಒಂದೇ ಒಂದು ಬಾಹುವನ್ನು ನೆಲದ ಮೇಲೆ ಅಳೆದು, ಉಳಿದುದನ್ನೆಲ್ಲ ಕೋನಗಳಿಂದ ಲೆಕ್ಕ ಹಾಕುತ್ತಾ ಭೂಮಿಯ ಆಕಾರವನ್ನೇ ತಿಳಿಯಲು ಹೊರಟ ವಿಲಿಯಂ ಲ್ಯಾಂಬ್ಟನ್ ಅವರ ಜೀವನವೇ ಆ ಉತ್ತರ.

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಒಂದು ಸಾಧಾರಣ ಕುಟುಂಬದಲ್ಲಿ, 1750ರ ದಶಕದಲ್ಲಿ. ಸೈನ್ಯಕ್ಕೆ ಸೇರಿ ಅಮೆರಿಕದ ಯುದ್ಧಕ್ಕೆ ಹೋದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೆರೆಯಾದರು. ಬಿಡುಗಡೆಯ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೇನಾ ವಸತಿಗಳ ಮೇಲ್ವಿಚಾರಕರಾಗಿ ವರ್ಷಗಟ್ಟಲೆ ಇದ್ದರು. ಅಲ್ಲಿ ಬಡ್ತಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಆ ಏಕಾಂತದಲ್ಲಿ ಅವರು ಮಾಡಿದ್ದು ಗಣಿತದ ಓದು. ಸರಿಯಾದ ರಕ್ಷಣೆಯಿಲ್ಲದೆ ಸೂರ್ಯಗ್ರಹಣವನ್ನು ನೋಡಿ ಒಂದು ಕಣ್ಣಿನ ದೃಷ್ಟಿಗೆ ಹಾನಿ ಮಾಡಿಕೊಂಡದ್ದೂ ಅಲ್ಲಿಯೇ. ಗ್ರಹಣದ ಪಾಠ ಮಾಡುವ ನಾವು ಮಕ್ಕಳಿಗೆ ಇದನ್ನು ಹೇಳಲೇಬೇಕು.

ನಲವತ್ತು ದಾಟಿದ ಮೇಲೆ ಅವರು ತಮ್ಮ 33ನೆಯ ರೆಜಿಮೆಂಟಿನೊಡನೆ ಭಾರತಕ್ಕೆ ಬಂದರು. 1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ ಜನರಲ್ ಬೇರ್ಡ್ ಅವರ ತುಕಡಿ ಕತ್ತಲಲ್ಲಿ ಸಾಗುತ್ತಿತ್ತು. ನಕ್ಷತ್ರಗಳನ್ನು ನೋಡುತ್ತಿದ್ದ ಲ್ಯಾಂಬ್ಟನ್, ಪಡೆ ಉತ್ತರಕ್ಕಲ್ಲ, ದಕ್ಷಿಣಕ್ಕೆ, ಅಂದರೆ ಟಿಪ್ಪು ಸುಲ್ತಾನನ ಪಡೆಯ ಕಡೆಗೇ ಹೋಗುತ್ತಿದೆ ಎಂದು ತಿಳಿಸಿದರು. ಅವರು ಹೇಳಿದ್ದು ನಿಜವಾಗಿತ್ತು.

ಯುದ್ಧ ಮುಗಿದ ವರ್ಷವೇ ಅವರು ತಮ್ಮ ಯೋಜನೆಯನ್ನು ಮುಂದಿಟ್ಟರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಜಾಲವನ್ನು ಹೆಣೆಯಬೇಕು, ಪ್ರತಿಯೊಂದು ಮುಖ್ಯ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ನಿಖರವಾಗಿ ಗೊತ್ತುಪಡಿಸಬೇಕು ಎಂಬುದು ಆ ಯೋಜನೆ. ಅದರ ಹಿಂದೆ ಇನ್ನೊಂದು ಉದ್ದೇಶವೂ ಇತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದ್ದರೆ, ಒಂದು ಡಿಗ್ರಿ ಅಕ್ಷಾಂಶದ ಉದ್ದ ಸಮಭಾಜಕದ ಬಳಿ ಕಡಿಮೆಯಿದ್ದು ಧ್ರುವದ ಕಡೆಗೆ ಹೆಚ್ಚುತ್ತಾ ಹೋಗಬೇಕು. ಇಂದಿನ ಲೆಕ್ಕದಲ್ಲಿ ಅದು ಸಮಭಾಜಕದಲ್ಲಿ ಸುಮಾರು 110.6 ಕಿ.ಮೀ., ಧ್ರುವದಲ್ಲಿ ಸುಮಾರು 111.7 ಕಿ.ಮೀ. ಈ ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕಾದರೆ ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ಊಹಿಸಬಹುದು.

1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಅವರು ಮೊದಲ ಆಧಾರ ರೇಖೆಯನ್ನು ಅಳೆದರು. ಅದರ ಉದ್ದ ಏಳು ಮೈಲಿಗೂ ಹೆಚ್ಚು. ಉಕ್ಕಿನ ಸರಪಳಿಯ ಉದ್ದ 100 ಅಡಿ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಇನ್ನೊಂದು ಆಧಾರ ರೇಖೆಯ ಕೆಲಸ ಆರಂಭವಾಯಿತು. ಅಲ್ಲಿ ಸರಪಳಿಯನ್ನು 400 ಸಲ ಹಾಸಬೇಕಾಯಿತು. ಮರದ ಪೆಟ್ಟಿಗೆಗಳಲ್ಲಿ ಸಮತಟ್ಟಾಗಿ ಇಟ್ಟು, ಬಿಸಿಲಿಗೆ ಮರೆ ಕಟ್ಟಿ, ಥರ್ಮಾಮೀಟರ್ ಓದಿ ಅಳೆಯುತ್ತಿದ್ದರು. ಏಕೆಂದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದರೆ 100 ಅಡಿಯ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಇದನ್ನು ಗಮನಿಸದಿದ್ದರೆ 400 ಅಳತೆಗಳಲ್ಲಿ ಸುಮಾರು 1.4 ಮೀಟರ್ ತಪ್ಪು ಸೇರಿಕೊಳ್ಳುತ್ತದೆ. ಭೌತಶಾಸ್ತ್ರದ ಉಷ್ಣ ವ್ಯಾಕೋಚನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ?

ಆಧಾರ ರೇಖೆ ಸಿಕ್ಕ ಮೇಲೆ ಉಳಿದದ್ದು ನಮ್ಮ ಒಂಬತ್ತನೆಯ ತರಗತಿಯ ಕೋ.ಬಾ.ಕೋ. ನಿಯಮ. ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಿದ್ದರೆ ತ್ರಿಭುಜ ಒಂದೇ. ಲೆಕ್ಕದಿಂದ ದೊರೆತ ಹೊಸ ಬಾಹು ಮುಂದಿನ ತ್ರಿಭುಜಕ್ಕೆ ಆಧಾರವಾಗುತ್ತದೆ. ಹೀಗೆ ಸಾವನದುರ್ಗದಂತಹ ಬೆಟ್ಟಗಳ ನೆತ್ತಿಯಿಂದ ಬೆಟ್ಟಕ್ಕೆ ತ್ರಿಭುಜಗಳು ಹಬ್ಬಿದವು. ತ್ರಿಭುಜಗಳು ದೊಡ್ಡದಾದಾಗ ಒಳಕೋನಗಳ ಮೊತ್ತ 180 ಡಿಗ್ರಿಯನ್ನು ಅತ್ಯಲ್ಪ ಮೀರುತ್ತದೆ. ಭೂಮಿಯ ಮೇಲ್ಮೈ ಬಾಗಿರುವುದರಿಂದ ಸುಮಾರು 197 ಚದರ ಕಿ.ಮೀ. ವಿಸ್ತೀರ್ಣಕ್ಕೆ ಒಂದು ಸೆಕೆಂಡ್ ಕೋನ ಹೆಚ್ಚಾಗುತ್ತದೆ. ಲ್ಯಾಂಬ್ಟನ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಕೆಲಸದ ಪರೀಕ್ಷೆ ನಡೆದದ್ದು 1804ರಲ್ಲಿ. ಅವರ ಸಹಾಯಕ ಜಾನ್ ವಾರನ್ ಬೆಂಗಳೂರಿನಲ್ಲಿ ಮತ್ತೊಂದು ಆಧಾರ ರೇಖೆಯನ್ನು ಅಳೆದರು. ಮದರಾಸಿನಿಂದ ತ್ರಿಭುಜಗಳ ಮೂಲಕ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ಮುಂದೆ ಜಾಲ ಮಂಗಳೂರಿನ ಕಡಲನ್ನು ಮುಟ್ಟಿದಾಗ, ಮದರಾಸಿನಿಂದ ಅಲ್ಲಿಗಿರುವ ದೂರ ಹಳೆಯ ನಕ್ಷೆಗಳಲ್ಲಿದ್ದ 400 ಮೈಲಿಯಲ್ಲ, ಸುಮಾರು 360 ಮೈಲಿ ಎಂದು ಗೊತ್ತಾಯಿತು.

ಕೋನ ಅಳೆಯುವ ಥಿಯೊಡೊಲೈಟ್ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ತುಂಡಾಗಿ, ಯಂತ್ರ ಗೋಡೆಗೆ ಬಡಿದು, ಅದರ ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಕೈಚೆಲ್ಲಿ ಕೂರಲಿಲ್ಲ. ಡೇರೆಯೊಳಗೆ ಸುಮಾರು ಆರು ವಾರ ಕುಳಿತು, ವೃತ್ತವನ್ನು ಸ್ವಲ್ಪ ಸ್ವಲ್ಪವೇ ಎಳೆದು ಮೊದಲಿನ ಆಕಾರಕ್ಕೆ ತಂದರು.

ಸುಮಾರು 78 ಡಿಗ್ರಿ ರೇಖಾಂಶವನ್ನು ಅನುಸರಿಸಿ ಕನ್ಯಾಕುಮಾರಿಯಿಂದ ಉತ್ತರಕ್ಕೆ ಸಾಗಿದ ಈ ಕೆಲಸಕ್ಕೆ 1818ರಲ್ಲಿ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಹೆಸರು ಬಂತು. ಜಾರ್ಜ್ ಎವರೆಸ್ಟ್ ಸಹಾಯಕರಾಗಿ ಸೇರಿದ್ದು ಆ ವರ್ಷವೇ. 1823ರ ಜನವರಿ 20ರಂದು, ನಾಗಪುರದ ಕಡೆಗೆ ಹೋಗುತ್ತಿದ್ದ ಲ್ಯಾಂಬ್ಟನ್ ಇಂದಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡರು. ಅವರಿಗೆ ಆಗ ಸುಮಾರು ಎಪ್ಪತ್ತು ವರ್ಷ. ಉತ್ತರಾಧಿಕಾರಿಯ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಬಂತು. ಕೆಲಸ ಆರಂಭಿಸಿದವರ ಸಮಾಧಿ ಆ ಸಣ್ಣ ಊರಿನಲ್ಲಿ ಉಳಿಯಿತು.

ಈ ಜೀವನವನ್ನು ತರಗತಿಯಲ್ಲಿ ಹೇಳುವಾಗ ಒಂದು ಎಚ್ಚರ ಅಗತ್ಯ. ಲ್ಯಾಂಬ್ಟನ್ ಬಂದದ್ದು ಶ್ರೀರಂಗಪಟ್ಟಣವನ್ನು ಗೆದ್ದ ಸೈನ್ಯದ ಜೊತೆ. ಅವರಿಗೆ ಹಣ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ಸರಿಯಾದ ನಕ್ಷೆ ಆಳುವವರ ಕೈಯಲ್ಲಿ ಒಂದು ಆಯುಧ. ಸರಪಳಿ ಹೊತ್ತು, ಬೆಟ್ಟದ ಮೇಲೆ ಬಾವುಟ ಹಿಡಿದು, ಕಾಡುಜ್ವರದಿಂದ ನರಳಿದ ಈ ನೆಲದ ಕೂಲಿಗಳ ಹೆಸರುಗಳು ನಮ್ಮ ಪಾಠಗಳಲ್ಲಿ ಇಲ್ಲ. ಗಣಿತದ ನಿಖರತೆಯನ್ನು ಮೆಚ್ಚುವುದು, ಅದು ಯಾರಿಗಾಗಿ ನಡೆಯಿತು ಎಂದು ಕೇಳುವುದು, ಎರಡೂ ಒಂದೇ ಅವಧಿಯಲ್ಲಿ ಸಾಧ್ಯ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳೊಡನೆ ಸೇರಿ ಪಾಠಯೋಜನೆ ಮಾಡಿದರೆ ಇನ್ನೂ ಒಳ್ಳೆಯದು.

ಬಾಗಿದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ನಕ್ಷಾ ಪ್ರಕ್ಷೇಪಣೆಗೂ ಇಲ್ಲಿಂದಲೇ ದಾರಿಯಿದೆ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಹರಡಲು ಹೇಳಿದರೆ ಸಮಸ್ಯೆ ಏನೆಂದು ಮಕ್ಕಳಿಗೇ ತಿಳಿಯುತ್ತದೆ. ಅದಕ್ಕಾಗಿಯೇ ಇಂದಿನ ಯು.ಟಿ.ಎಂ. ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸೀಳಿಕೊಳ್ಳುತ್ತಾರೆ. 78 ಡಿಗ್ರಿ ರೇಖಾಂಶವೇ ಎರಡು ವಲಯಗಳ ಗಡಿ. ಬೆಂಗಳೂರು 43ನೆಯ ವಲಯದಲ್ಲಿದ್ದರೆ ಕೋಲಾರ ಪಟ್ಟಣ 44ನೆಯದರಲ್ಲಿದೆ.

ಇದಕ್ಕೆ ದುಬಾರಿ ಬೋಧನೋಪಕರಣ ಬೇಡ. ಮಹಾಲಕ್ಷ್ಮಿ ಲೇಔಟ್‌ನ ಶಾಲೆಗಳಿಗೆ ಹತ್ತಿರದಲ್ಲೇ ಪ್ರಸನ್ನ ವೀರಾಂಜನೇಯ ಸ್ವಾಮಿ ದೇವಸ್ಥಾನದ ಗುಡ್ಡವಿದೆ. ಅದು ಕಾಣುವ ಮೈದಾನದಲ್ಲಿ ಟೇಪಿನಿಂದ 20 ಮೀಟರ್ ಆಧಾರ ರೇಖೆ ಅಳೆಯಲಿ. ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ ಎರಡು ತುದಿಗಳಿಂದ ಕೋನ ನೋಡಲಿ, ಸ್ಕೇಲಿಗೆ ಚಿತ್ರ ಬರೆದು ದೂರ ಕಂಡುಹಿಡಿಯಲಿ. ಗುಂಪು ಗುಂಪಿಗೂ ಉತ್ತರ ಬೇರೆ ಬರುತ್ತದೆ. ಬಂದಾಗ ಸರಿ ಉತ್ತರವನ್ನು ನಾವು ಹೇಳಿಬಿಡಬಾರದು. ಆಧಾರ ರೇಖೆಯನ್ನು ಉದ್ದ ಮಾಡಿ ಮತ್ತೊಮ್ಮೆ ಅಳೆಯಲು ಹೇಳಬೇಕು. ಲ್ಯಾಂಬ್ಟನ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದು ಇದನ್ನೇ: ಅಳೆಯುವುದು, ಅನುಮಾನಿಸುವುದು, ಮತ್ತೆ ಅಳೆಯುವುದು.