ಹೊಗೆಯೊಳಗೆ ದಾರಿ ಹುಡುಕಿದ ಬ್ರೇಡ್‌ವುಡ್

ನಿಪ್ಪಾಣಿಯ ತಂಬಾಕು ವಖಾರದ ಒಳಗೆ ಹೋಗಿ ನೋಡಿದವರಿಗೆ ಅಲ್ಲಿನ ಕತ್ತಲು ಗೊತ್ತಿರ್ತದ. ಹೊರಗೆ ರಣಬಿಸಿಲಿದ್ದರೂ ನಾಲ್ಕು ಹೆಜ್ಜೆ ಒಳಗಿಟ್ಟರೆ ಕಣ್ಣು ಮಂಜು. ಎರಡೂ ಕಡೆ ಆಳೆತ್ತರ ಮೀರಿದ ಚೀಲಗಳ ಥಪ್ಪಿ, ನಡುವೆ ಒಬ್ಬರು ಹೋಗುವಷ್ಟೇ ದಾರಿ, ಮೂಗು ಉರಿಸುವ ಘಾಟು. ನಾನು ಆರನೇ ಇಯತ್ತೆಯಲ್ಲಿದ್ದಾಗ ಗೆಳೆಯರ ಜೋಡಿ ಅಂಥದೊಂದು ವಖಾರದಲ್ಲಿ ಕಣ್ಣಾಮುಚ್ಚಾಲೆ ಆಡ್ತಿದ್ದೆ. ಕರೆಂಟ್ ಹೋಯ್ತು. ಗೋಡೆ ಹಿಡಿದು ನಡೆದರೆ ಬಾಗಿಲು ಸಿಕ್ಕೇ ಸಿಗ್ತದ ಅಂದುಕೊಂಡು ಬಲಗೈ ಒತ್ತಿ ನಡೆದೆ. ಎಷ್ಟು ನಡೆದರೂ ಬಾಗಿಲಿಲ್ಲ. ನಾನು ಹಿಡಿದದ್ದು ಗೋಡೆಯನ್ನಲ್ಲ, ನಡುವಿನ ಥಪ್ಪಿಯನ್ನು. ಅದನ್ನೇ ಸುತ್ತುತ್ತಿದ್ದೆ. ಕಡೆಗೆ ಹಮಾಲ ಕಾಕಾ ಒಬ್ಬರು ಬ್ಯಾಟರಿ ಹಿಡಿದು ಬಂದು ಹೊರಗೆ ಕರೆದೊಯ್ದರು. ಬಾಗಿಲು ಹತ್ತು ಹೆಜ್ಜೆಯೊಳಗೇ ಇತ್ತು.

ಅವತ್ತು ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ. ಇದ್ದಿದ್ದರೆ? ಆಗ ಒಳಗೆ ಬರಬೇಕಾದವರು ಆ ಕಟ್ಟಡವನ್ನು ಹಿಂದೆಂದೂ ನೋಡಿರದ ಫೈರ್ ಸ್ಟೇಷನ್ನಿನ ಸಿಬ್ಬಂದಿ. ಸಿವಿಲ್ ಓದಲು ಬಂದ ಮೇಲೆ ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕ ಹೆಸರು ಜೇಮ್ಸ್ ಬ್ರೇಡ್‌ವುಡ್. ಅಗ್ನಿಶಾಮಕ ವೃತ್ತಿಯವರಿಗೆ ಅವನು ಗುರುಸ್ಥಾನದವನು. ನಮಗೂ ಅವನು ಪರಿಚಯ ಆಗಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಯಾಕಂದ್ರೆ ಅವನು ಬೆಂಕಿಯನ್ನು ನೋಡಿದ್ದು ಕಟ್ಟಡ ಬಲ್ಲವನ ಕಣ್ಣಿನಿಂದ.

ಬ್ರೇಡ್‌ವುಡ್ ಹುಟ್ಟಿದ್ದು 1800ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆಯದು ಮರಗೆಲಸ ಮತ್ತು ಕಟ್ಟಡದ ಧಂದೆ. ಹುಡುಗ ಶಾಲೆ ಮುಗಿಸಿ ಅಲ್ಲೇ ಕೆಲಸ ಕಲಿತ, ಸರ್ವೇಯರ್ ಆಗಿ ತಯಾರಾದ. ತೊಲೆ ಎಲ್ಲಿ ಕೂರುತ್ತದೆ, ಮೆಟ್ಟಿಲು ಎಲ್ಲಿ ತಿರುಗುತ್ತದೆ, ಯಾವ ಗೋಡೆ ಭಾರ ಹೊರುತ್ತದೆ, ಯಾವುದು ಬರೀ ಅಡ್ಡಗೋಡೆ ಎಂಬುದೆಲ್ಲ ಅವನಿಗೆ ಕೈಗೂಸಿನ ಆಟದಂತೆ ಬಂತು. 1824ರಲ್ಲಿ ಆ ನಗರ ತನ್ನದೇ ಅಗ್ನಿಶಾಮಕ ಪಡೆ ಕಟ್ಟಲು ಹೊರಟು, ಅದರ ಮುಖ್ಯಸ್ಥನನ್ನಾಗಿ ಈ ಹುಡುಗನನ್ನು ಆರಿಸಿತು. ವಯಸ್ಸು 24. ಈಗ ನಮ್ಮಲ್ಲಿ ಎಂ.ಟೆಕ್ ಮಾಡುವವರ ವಯಸ್ಸು, ನೋಡ್ರಿ.

ಕೆಲಸಕ್ಕೆ ಸೇರಿ ಕೆಲವೇ ವಾರ. ನವೆಂಬರ್ 15ರಂದು ಹಳೆ ಊರಿನ ಗಲ್ಲಿಯೊಂದರಲ್ಲಿ ಬೆಂಕಿ ಹತ್ತಿತು. ಅಲ್ಲಿನ ಮನೆಗಳು ಏಳೆಂಟು ಮಹಡಿ, ಕೆಲವು ಅದಕ್ಕೂ ಎತ್ತರ. ನಡುವೆ ಗಾಡಿ ಹೋಗದಷ್ಟು ಇಕ್ಕಟ್ಟಾದ ಓಣಿಗಳು. ಪಡೆಗೆ ಇನ್ನೂ ಸರಿಯಾಗಿ ತರಬೇತಿ ಆಗಿರಲಿಲ್ಲ. ಸಾಲದ್ದಕ್ಕೆ ಊರಿನ ದೊಡ್ಡವರೆಲ್ಲ ಬಂದು ನಿಂತು ತಲೆಗೊಂದು ಆಜ್ಞೆ ಕೊಡತೊಡಗಿದರು. ಬೆಂಕಿ ದಿನಗಟ್ಟಲೆ ಉರಿಯಿತು, ನೂರಾರು ಕುಟುಂಬ ಬೀದಿಗೆ ಬಿದ್ದವು. ಆಮೇಲೆ ನಡೆದ ವಿಚಾರಣೆ ತಪ್ಪನ್ನು ಈ ಹುಡುಗನ ತಲೆಗೆ ಕಟ್ಟಲಿಲ್ಲ. ಬದಲಿಗೆ, ಬೆಂಕಿಯ ಜಾಗದಲ್ಲಿ ಆಜ್ಞೆ ಕೊಡುವ ಅಧಿಕಾರ ಅವನೊಬ್ಬನಿಗೇ ಇರಬೇಕು ಎಂಬ ತೀರ್ಮಾನ ಬಂತು.

ಆಗ ಅವನು ಪಡೆ ಕಟ್ಟಿದ ರೀತಿ ಕುತೂಹಲದ್ದು. ಗಟ್ಟಿ ಮೈಯವರು ಸಿಕ್ಕರೆ ಸಾಕು ಅಂತ ಸೇರಿಸಿಕೊಳ್ಳಲಿಲ್ಲ. ಗೌಂಡಿ, ಬಡಗಿ, ಕಮ್ಮಾರ, ಪ್ಲಂಬರ್, ಛಾವಣಿಗೆ ಕಲ್ಲು ಹೊದಿಸುವವರನ್ನು ಹುಡುಕಿ ತಂದ. ಮನೆ ಕಟ್ಟಿದ ಕೈಗೆ ಕತ್ತಲಲ್ಲೂ ಮನೆ ಗೊತ್ತಿರುತ್ತದೆ ಎಂಬುದು ಅವನ ಲೆಕ್ಕ. ತರಬೇತಿ ನಡೆಸಿದ್ದು ಬೆಳಗಿನ ಜಾವ, ಊರು ಏಳುವ ಮೊದಲು. ಓಣಿಗಳು ಖಾಲಿ ಇರುತ್ತವೆ ಎಂಬುದೊಂದು ಕಾರಣ. ಕತ್ತಲಲ್ಲಿ ಕೈ ಪಳಗಬೇಕು ಎಂಬುದು ಇನ್ನೊಂದು.

ಅದಕ್ಕೂ ಮೊದಲು ಬೆಂಕಿ ಆರಿಸುವುದು ಅಂದ್ರೆ ಬೀದಿಯಲ್ಲಿ ನಿಂತು ಕಿಟಕಿಗೆ ನೀರು ಹೊಡೆಯುವುದು. ನೀರಿನ ಬಹುಪಾಲು ಗೋಡೆಗೇ ಹೋಗುತ್ತಿತ್ತು. ಬ್ರೇಡ್‌ವುಡ್ ಈ ಪದ್ಧತಿ ಬಿಡಿಸಿದ. ಒಳಗೆ ಹೋಗಬೇಕು, ಬೆಂಕಿಯ ಬುಡ ಹುಡುಕಬೇಕು, ನೀರು ಅಲ್ಲೇ ಬೀಳಬೇಕು ಅಂದ. ಇವತ್ತಿಗೂ ಜಗತ್ತಿನ ಅಗ್ನಿಶಾಮಕ ದಳಗಳು ಕಟ್ಟಡದ ಬೆಂಕಿಗೆ ನಡೆಸುವ ಕೆಲಸದ ಬೇರು ಇದೇ. ಆದರೆ ಇದರೊಂದಿಗೇ ಹೊಸ ಅಪಾಯವೂ ಬಂತು. ಕಟ್ಟಡದ ಒಳಭಾಗವೇ ಈಗ ಫೈರ್‌ಮನ್ನನ ಕೆಲಸದ ಜಾಗ. ಒಳಗೆ ಹೋದವನು ಹೊಗೆಯಲ್ಲಿ ದಿಕ್ಕು ತಪ್ಪಿದರೆ?

ಅದಕ್ಕೂ ಅವನು ಕಟ್ಟುನಿಟ್ಟು ಮಾಡಿದ. ಒಬ್ಬನೇ ಒಳಗೆ ಹೋಗುವಂತಿಲ್ಲ, ಜೋಡಿ ಬೇಕೇ ಬೇಕು. ಬಿಸಿ ಹೊಗೆ ಮೇಲೇರುವುದರಿಂದ ನೆಲದ ಹತ್ತಿರ ಗಾಳಿ ಚೊಲೋ ಇರುತ್ತದೆ, ಹಾಗಾಗಿ ಬಗ್ಗಿ, ತೆವಳಿ ಸಾಗಬೇಕು. ಮುಂದೆ ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದಿದ್ದ ಚರ್ಮದ ಹೊಗೆ ಅಂಗಿಯನ್ನೂ ತರಿಸಿದ. ಅದಕ್ಕೆ ಹೊರಗಿನಿಂದ ಕೊಳವೆಯಲ್ಲಿ ಗಾಳಿ ಊದುತ್ತಿದ್ದರು. ಆ ಕೊಳವೆ ಉಸಿರನ್ನೂ ಕೊಡುತ್ತಿತ್ತು, ಹಿಂದಿರುಗುವ ದಾರಿಯನ್ನೂ ತೋರಿಸುತ್ತಿತ್ತು. 1830ರಲ್ಲಿ ತನ್ನ ಅನುಭವವನ್ನೆಲ್ಲ ಪುಸ್ತಕವಾಗಿ ಬರೆದ.

ಆ ಪುಸ್ತಕ, ಆ ಹೆಸರು ಅವನನ್ನು ಲಂಡನ್ನಿಗೆ ಒಯ್ದವು. ಅಲ್ಲಿ ವಿಮಾ ಕಂಪನಿಗಳು ತಮ್ಮ ತಮ್ಮ ಬೆಂಕಿ ಪಡೆಗಳನ್ನು ಒಟ್ಟುಗೂಡಿಸಿ 1833ರ ಜನವರಿಯಿಂದ ಒಂದೇ ಪಡೆ ಮಾಡಿದ್ದವು. ಅದರ ಮುಖ್ಯಸ್ಥನಾದ ಬ್ರೇಡ್‌ವುಡ್ಡನ ಕೈಗೆ ಬಂದದ್ದು ಅಷ್ಟು ದೊಡ್ಡ ನಗರಕ್ಕೆ ಸುಮಾರು 80 ಜನ. ಮರುವರ್ಷ, 1834ರ ಅಕ್ಟೋಬರ್ 16ರ ರಾತ್ರಿ, ಬ್ರಿಟಿಷ್ ಸಂಸತ್ತಿನ ಕಟ್ಟಡವೇ ಹತ್ತಿ ಉರಿಯಿತು. ಬಹುಪಾಲು ಹೋಯಿತು, ಆದರೆ ಶತಮಾನಗಳ ಹಳೆಯ ವೆಸ್ಟ್‌ಮಿನ್ಸ್ಟರ್ ಹಾಲ್ ಉಳಿಯಿತು. ಅದನ್ನು ಉಳಿಸಲು ಹೋರಾಡಿದವರಲ್ಲಿ ಇವನ ಪಡೆ ಮುಂದಿತ್ತು.

ಮುಂದಿನ ವರ್ಷಗಳಲ್ಲಿ ಅವನ ತಲೆ ತಿಂದದ್ದು ಥೇಮ್ಸ್ ನದಿ ದಂಡೆಯ ಗೋದಾಮುಗಳು. ವ್ಯಾಪಾರ ಬೆಳೆದಂತೆ ಅವೂ ಬೆಳೆದವು. ಅಡ್ಡಗೋಡೆಯಿಲ್ಲದ ದೊಡ್ಡ ದೊಡ್ಡ ಅಂತಸ್ತುಗಳು, ಸೂರಿನವರೆಗೂ ಸರಕು. ಒಂದು ಗೋದಾಮು ಅಥವಾ ಅದರ ಒಂದು ವಿಭಾಗ 2,16,000 ಘನ ಅಡಿ ಮೀರಬಾರದು ಎಂದು 1855ರ ಕಟ್ಟಡ ಕಾಯ್ದೆ ಹೇಳಿತು. ಅಂದ್ರೆ 60 ಅಡಿ ಉದ್ದ, 60 ಅಡಿ ಅಗಲ, 60 ಅಡಿ ಎತ್ತರ. ಕಾಯ್ದೆ ಇದ್ದಲ್ಲಿ ಸಂದಿಯೂ ಇರ್ತದಲ್ಲ, ಮಾಲೀಕರು ಅದನ್ನು ಹುಡುಕಿಕೊಂಡರು. ಕಟ್ಟಡದ ಗಾತ್ರ ಒಂದು ಮಿತಿ ದಾಟಿದರೆ ಎಷ್ಟು ಎಂಜಿನ್ ತಂದರೂ ಬೆಂಕಿ ಕೈಗೆ ಸಿಗುವುದಿಲ್ಲ ಎಂದು ಬ್ರೇಡ್‌ವುಡ್ ಸರ್ಕಾರಕ್ಕೂ ಬರೆದು ಎಚ್ಚರಿಸಿದ.

ಎರಡನೆಯ ಚಿಂತೆ ಕಬ್ಬಿಣದ್ದು. ಆ ಕಾಲಕ್ಕೆ ಎರಕದ ಕಬ್ಬಿಣದ ಕಂಬ, ತೊಲೆ ಹಾಕಿದರೆ ಅದು ಬೆಂಕಿ ತಾಗದ ಕಟ್ಟಡ ಎಂದು ನಂಬಿದ್ದರು. 1849ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಅವನು ಪ್ರಬಂಧ ಓದಿ ಈ ನಂಬಿಕೆಯನ್ನು ಪ್ರಶ್ನಿಸಿದ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಮುನ್ಸೂಚನೆ ಇಲ್ಲದೆ ಸೀಳುತ್ತದೆ. ದಪ್ಪ ಮರದ ತೊಲೆಯಾದರೋ ಹೊರಗಿನಿಂದ ನಿಧಾನ ಕರಕಲಾಗುತ್ತ ಸಮಯ ಕೊಡುತ್ತದೆ. ಆ ಸಮಯದಲ್ಲೇ ಒಳಗಿನ ಮನುಷ್ಯ ಹೊರಬರಬೇಕು. ಕಬ್ಬಿಣದ ಮೇಲೆ ನಿಂತ ಗೋದಾಮು ಚೆನ್ನಾಗಿ ಹತ್ತಿಕೊಂಡ ಮೇಲೆ ತನ್ನವರನ್ನು ಒಳಗೆ ಬಿಡಲು ಅವನು ಒಪ್ಪುತ್ತಿರಲಿಲ್ಲ.

ಇದು ಹಳೆ ಕಾಲದ ಮಾತು ಅನ್ನಬೇಡಿ. ನಾವು ಬಳಸುವ ಉಕ್ಕು ಎರಕದ ಕಬ್ಬಿಣದಂತೆ ಸೀಳುವುದಿಲ್ಲ, ನಿಜ. ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 20 ಮೀಟರ್ ಉದ್ದದ ತೊಲೆ 500 ಡಿಗ್ರಿ ಹೆಚ್ಚು ಕಾದರೆ ಎಷ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ: ಸುಮಾರು 12 ಸೆಂಟಿಮೀಟರ್. ತುದಿಯಲ್ಲಿರುವ ಗೋಡೆಯನ್ನು ಹೊರಕ್ಕೆ ದಬ್ಬಲು ಅಷ್ಟು ಸಾಕು.

1861ರ ಜೂನ್ 22, ಶನಿವಾರ. ಸಂಜೆ ಐದರ ಸುಮಾರಿಗೆ ಲಂಡನ್ ಬ್ರಿಡ್ಜ್ ಹತ್ತಿರದ ಟೂಲಿ ಸ್ಟ್ರೀಟಿನ ಗೋದಾಮಿನಲ್ಲಿ ಬೆಂಕಿ ಕಂಡಿತು. ಒಳಗೆ ಸೆಣಬು, ಹತ್ತಿ, ಸಕ್ಕರೆ, ಕೊಬ್ಬು, ಚಹಾ, ಮಸಾಲೆ ಸಾಮಾನು. ವಿಭಾಗದಿಂದ ವಿಭಾಗಕ್ಕೆ ಬೆಂಕಿ ದಾಟದಿರಲಿ ಎಂದು ಕಬ್ಬಿಣದ ಬಾಗಿಲುಗಳಿದ್ದವು. ಆದರೆ ಅವನ್ನು ತೆರೆದೇ ಬಿಟ್ಟಿದ್ದರು. ನದಿಯಲ್ಲಿ ಇಳಿತವಿದ್ದುದರಿಂದ ನೀರಿಗೂ ತೊಂದರೆಯಾಯಿತು. 60 ವರ್ಷದ ಬ್ರೇಡ್‌ವುಡ್ ಎಂದಿನಂತೆ ಮುಂದೆಯೇ ಇದ್ದ. ಏಳೂವರೆ ಸುಮಾರಿಗೆ, ದಣಿದಿದ್ದ ತನ್ನ ಹುಡುಗರಿಗೆ ಕುಡಿಯಲು ಕೊಡುತ್ತಾ ಧೈರ್ಯ ಹೇಳುತ್ತಿದ್ದಾಗ ಗೋದಾಮಿನ ಗೋಡೆ ಅವನ ಮೇಲೆಯೇ ಕುಸಿಯಿತು. ಹೆಣ ಹೊರತೆಗೆಯಲು ಎರಡು ದಿನ ಬೇಕಾಯಿತು. ಬೆಂಕಿ ಪೂರ್ತಿ ಆರಲು ಎರಡು ವಾರ.

ಜೂನ್ 29ರ ಶವಯಾತ್ರೆಯ ಸಾಲು ಮೈಲಿಗೂ ಉದ್ದವಿತ್ತು, ನಗರದ ಚರ್ಚುಗಳ ಗಂಟೆಗಳು ಮೊಳಗಿದವು. ಭಾರೀ ನಷ್ಟಕ್ಕೆ ಹೆದರಿದ ವಿಮಾ ಕಂಪನಿಗಳು ಈ ಹೊಣೆ ಇನ್ನು ನಮ್ಮಿಂದಾಗದು ಎಂದು ಸರ್ಕಾರಕ್ಕೆ ತಿಳಿಸಿದವು. 1865ರಲ್ಲಿ ಕಾಯ್ದೆ ಬಂತು, 1866ರಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ಆಯಿತು. ಎಡಿನ್‌ಬರೋದಲ್ಲಿ ಅವನ ಪ್ರತಿಮೆ ನಿಂತದ್ದು 2008ರಲ್ಲಿ.

ಅವನು ಹೋಗಿ 138 ವರ್ಷದ ನಂತರ, 1999ರ ಡಿಸೆಂಬರ್ 3ರಂದು, ಅಮೆರಿಕದ ವೂಸ್ಟರ್ ನಗರದಲ್ಲಿ ಪಾಳುಬಿದ್ದ ಕೋಲ್ಡ್ ಸ್ಟೋರೇಜ್ ಒಂದಕ್ಕೆ ಬೆಂಕಿ ಬಿತ್ತು. ಮೇಲಿನ ಅಂತಸ್ತುಗಳಿಗೆ ಕಿಟಕಿಯೇ ಇಲ್ಲ, ಒಳಗೆ ಚಕ್ರವ್ಯೂಹದಂಥ ಕೋಣೆಗಳು. ಯಾರಾದರೂ ಒಳಗಿರಬಹುದೆಂದು ಹುಡುಕಲು ಹೋದ ಇಬ್ಬರು ಫೈರ್‌ಮನ್‌ಗಳು ದಿಕ್ಕು ತಪ್ಪಿದರು. ಅವರನ್ನು ಹುಡುಕಲು ಹೋದ ನಾಲ್ವರೂ ಹಿಂದಿರುಗಲಿಲ್ಲ. ಅವರ ಬೆನ್ನಿಗೆ ಗಾಳಿಯ ಸಿಲಿಂಡರ್ ಇತ್ತು, ಕೈಯಲ್ಲಿ ರೇಡಿಯೋ ಇತ್ತು. ಸಿಲಿಂಡರಿನಲ್ಲಿರುವ ಗಾಳಿ ನಿಮಿಷಗಳ ಲೆಕ್ಕದ್ದು. ಬಂದ ದಾರಿ ಮರೆತರೆ ಆ ನಿಮಿಷ ಹುಡುಕಾಟಕ್ಕೇ ಖರ್ಚಾಗುತ್ತದೆ.

ಸಣ್ಣ ಕೋಣೆಯಲ್ಲಿ ಗೋಡೆ ಹಿಡಿದು ನಡೆದರೆ ಬಾಗಿಲಿಗೆ ಬರುತ್ತೀರಿ. ಇದು ಅಗ್ನಿಶಾಮಕ ತರಬೇತಿಯಲ್ಲೂ ಕಲಿಸುವ ಉಪಾಯ. ಆದರೆ ಗಣಿತದ ದೃಷ್ಟಿಯಿಂದ ಅದು ಖಾತ್ರಿಯಾಗುವುದು ಗೋಡೆಗಳೆಲ್ಲ ಒಂದಕ್ಕೊಂದು ಕೂಡಿದ್ದಾಗ ಮಾತ್ರ. ನಡುವೆ ದ್ವೀಪದಂತೆ ನಿಂತ ಥಪ್ಪಿ ಕೈಗೆ ಸಿಕ್ಕರೆ ಅದನ್ನೇ ಸುತ್ತುತ್ತೀರಿ, ನಾನು ಸುತ್ತಿದ ಹಾಗೆ. ಉದ್ದ ಹಾಲ್, ಒಂದೇ ಬಾಗಿಲು, ತೆರೆಯಲಾಗದ ಕಿಟಕಿ, ಆಮೇಲೆ ಕೂಡಿಸಿದ ಶೆಡ್ಡು, ಸುಮ್ಮನೆ ತಿರುಗುವ ದಾರಿ: ಇವೆಲ್ಲ ಫೈರ್‌ಮನ್ ಬರುವ ಎಷ್ಟೋ ವರ್ಷ ಮೊದಲು ನಮ್ಮಂಥವರ ಡ್ರಾಯಿಂಗ್ ಶೀಟಿನ ಮೇಲೆ ತೀರ್ಮಾನ ಆಗಿರುತ್ತವೆ.

ನಮ್ಮ ಸುತ್ತ ನೋಡಿ. ನಿಪ್ಪಾಣಿಯ ತಂಬಾಕು, ರಾಯಬಾಗ ಕಾಗವಾಡದ ಕಡೆಯ ಸಕ್ಕರೆ ಗೋದಾಮು, ಅಥಣಿ ಸೀಮೆಯ ದ್ರಾಕ್ಷಿಯ ಕೋಲ್ಡ್ ಸ್ಟೋರೇಜ್, ಚಿಕ್ಕೋಡಿಯ ಪೇಟೆಯಲ್ಲಿ ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡಗಳು. ಟೂಲಿ ಸ್ಟ್ರೀಟಿನ ಸರಕಿಗೂ ನಮ್ಮ ಸರಕಿಗೂ ದೊಡ್ಡ ವ್ಯತ್ಯಾಸ ಏನಿಲ್ಲ. ಇವುಗಳಲ್ಲಿ ಎಷ್ಟೋ ಕಟ್ಟಡ ನಾಳೆ ನಮ್ಮ ಕೈಯಿಂದಲೇ ಏಳುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ಸುರಕ್ಷತೆಯದ್ದೇ. ಪರೀಕ್ಷೆಗೆ ಬರಲಿ ಬಿಡಲಿ, ಒಮ್ಮೆ ಓದಿ. ಬ್ರೇಡ್‌ವುಡ್ ಬಯಸಿದ್ದರಲ್ಲಿ ಬಹಳಷ್ಟು ಅಲ್ಲಿದೆ: ವಿಭಾಗಿಸುವ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಒಂದಕ್ಕಿಂತ ಹೆಚ್ಚು ಹೊರದಾರಿ.

ಕೆಲವಕ್ಕೆ ಸಂಹಿತೆಯೂ ಬೇಕಿಲ್ಲ. ಫೈರ್ ಡೋರಿಗೆ ಇಟ್ಟಂಗಿ ಒತ್ತುಕೊಟ್ಟು ತೆರೆದಿಡದಿದ್ದರೆ ಆಯ್ತು. ಥಪ್ಪಿಗಳ ನಡುವಿನ ದಾರಿ ನೇರವಾಗಿ ಬಾಗಿಲಿಗೇ ಹೋಗಿ ಮುಗಿಯುವಂತೆ ನೆಲದ ಮೇಲೆ ಬಣ್ಣದ ಗೆರೆ ಹೊಡೆಸಬಹುದು. ಗೇಟಿನ ಹತ್ತಿರ ಕಟ್ಟಡದ ನಕ್ಷೆ ತೂಗುಹಾಕಬಹುದು. ಪ್ರತಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಅದು. ಆ ವಾರ ಅವರು ಕಾಲೇಜಿಗೆ ಬಂದು ಸಿಲಿಂಡರ್ ಒತ್ತಿ ತೋರಿಸಿ ಹೋಗುತ್ತಾರೆ, ನಾವು ಫೋಟೋ ತೆಗೀತೀವಿ. ಈ ಸಲ ಅವರನ್ನು ನಮ್ಮ ಲ್ಯಾಬು, ಹಾಸ್ಟೆಲ್ಲು, ಸ್ಟೋರ್ ರೂಮಿನೊಳಗೆ ಒಂದು ಸುತ್ತು ಕರೆದೊಯ್ಯೋಣ. ಬೆಳಕಿದ್ದಾಗ ಒಮ್ಮೆ ನೋಡಿದ ದಾರಿ ಕತ್ತಲಲ್ಲಿ ಕೈಹಿಡಿಯುತ್ತದೆ.

ಕಳೆದ ಸೆಮಿಸ್ಟರಿನಲ್ಲಿ ನಾನು ಬರೆದ ಗೋದಾಮಿನ ಪ್ಲ್ಯಾನಿಗೆ ಒಳ್ಳೆ ಅಂಕ ಬಂದಿತ್ತು. ಇದನ್ನು ಬರೆಯುವಾಗ ಮತ್ತೆ ತೆಗೆದು ನೋಡಿದೆ. ಹಾಲ್ ಖಾಲಿ ಇತ್ತು, ಒಂದು ಚೀಲವನ್ನೂ ನಾನು ತೋರಿಸಿರಲಿಲ್ಲ. ಥಪ್ಪಿಗಳನ್ನು ಪೆನ್ಸಿಲ್ಲಿನಲ್ಲಿ ಬರೆದು, ಬಾಗಿಲಿನಿಂದ ಬೆರಳಿಟ್ಟು ಒಳಗೆ ಹೋಗಿ ನೋಡಿದೆ. ಎರಡನೇ ತಿರುವಿನಲ್ಲೇ ಸಿಕ್ಕಿಹಾಕಿಕೊಂಡೆ. ಈಗ ಹಿಂದಿನ ಗೋಡೆಗೆ ಇನ್ನೊಂದು ಬಾಗಿಲು ಹಾಕಿದ್ದೇನೆ.